ಪೈಪಿನ ನೀರು ಎಳೆಯುವ ಗೆರೆಗೆ ಸಮೀಕರಣ ಬರೆಯೋಣ

[ದೃಶ್ಯ: ಅಂಗಳ. ಪೈಪಿನ ಬಾಯಿಗೆ ಅರ್ಧ ಒತ್ತಿದ ಹೆಬ್ಬೆರಳು, ಚಿಮ್ಮುವ ನೀರು]

ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿ ಒತ್ತಿ ಸ್ವಲ್ಪ ಮೇಲಕ್ಕೆ ಹಿಡಿದ್ರೆ ನೀರು ಏರಿ, ಬಾಗಿ, ಆಚೆ ಬೀಳುತ್ತಲ್ಲ, ಆ ಗೆರೆ ಪರವಲಯ. ಗಾಳಿಯ ತಡೆಯನ್ನ ಸದ್ಯಕ್ಕೆ ಮರೆತುಬಿಡೋಣ. ಇದರ ಸಮೀಕರಣಕ್ಕೆ ಎರಡೇ ಕಡೆ ಅಳತೆ ಹಿಡಿದ್ರೆ ಸಾಕು.

ಪೈಪಿನ ಬಾಯಿ ನೆಲದಿಂದ 1 ಮೀಟರ್ ಎತ್ತರದಲ್ಲಿದೆ ಅಂದ್ಕೊಳ್ಳಿ. ವೈ-ಅಕ್ಷ ಅಲ್ಲೇ ಇಟ್ಟರೆ ಅದು (0, 1), ಅಂದ್ರೆ ವೈ-ಅಂತಃಛೇದ, ಗೆರೆ ವೈ-ಅಕ್ಷವನ್ನ ಮುಟ್ಟುವ ಬಿಂದು. ನೀರು 2 ಮೀಟರ್ ಮುಂದೆ ಹೋಗಿ ತುತ್ತತುದಿ ಮುಟ್ಟುತ್ತೆ, ಅಲ್ಲಿ ಎತ್ತರವೂ 2 ಮೀಟರ್. ಅದೇ ಶೃಂಗ, (2, 2).

ಪರವಲಯದ ಸಮೀಕರಣವನ್ನ ಸಾಮಾನ್ಯವಾಗಿ ವೈ = ಎ·ಎಕ್ಸ್² + ಬಿ·ಎಕ್ಸ್ + ಸಿ ಅಂತ ಬರೀತೀವಿ, ಆದ್ರೆ ಶೃಂಗ ಕೈಯಲ್ಲಿದ್ದಾಗ ಎ, ಬಿ, ಸಿ ಮೂರನ್ನೂ ಹುಡುಕೋದು ಸುತ್ತುದಾರಿ. ಹೀಗೆ ಬರೀರಿ:

[ತೆರೆ: ವೈ = ಎ(ಎಕ್ಸ್ − ಎಚ್)² + ಕೆ]

ಎಚ್, ಕೆ ಜಾಗಕ್ಕೆ ಶೃಂಗ ಹಾಕಿ: ವೈ = ಎ(ಎಕ್ಸ್ − 2)² + 2. ಆವರಣದೊಳಗೆ ಮೈನಸ್, ಹೊರಗೆ ಪ್ಲಸ್. ಅವಸರದಲ್ಲಿ ಎರಡೂ ಕಡೆ ಪ್ಲಸ್ ಹಾಕಿದ್ರೆ ಶೃಂಗ ನಿಮ್ಮ ಬೆನ್ನ ಹಿಂದೆ ಹೋಗಿ ಕೂರುತ್ತೆ!

ಉಳಿದಿದ್ದು ಎ ಒಂದೇ. ಈಗ (0, 1) ಹಾಕಿ.

[ತೆರೆ:
1 = ಎ(0 − 2)² + 2
1 = 4ಎ + 2
ಎ = −1/4]

ಮೈನಸ್ ಬಂತು, ಅಂದ್ರೆ ಕವುಚಿಟ್ಟ ಬಟ್ಟಲು. ನೀರಿನ ಗೆರೆ ಹಾಗೇ ತಾನೇ ಇದೆ? ಬಿಡಿಸಿ ಬರೆದ್ರೆ ವೈ = −(1/4)ಎಕ್ಸ್² + ಎಕ್ಸ್ + 1. ಕೊನೆಯ ಆ 1, ಪೈಪ್ ಹಿಡಿದ ಎತ್ತರ.

ಒಂದು ಅನುಮಾನ ಬರಬೇಕು, ಬಂದಿಲ್ಲ ಅಂದ್ರೆ ನಾನೇ ಕೇಳ್ತೀನಿ. ಎ, ಬಿ, ಸಿ ಮೂರು ತಿಳಿಯಬೇಕಾದ್ರೆ ಮೂರು ಬಿಂದು ಬೇಕಲ್ವಾ, ಎರಡರಲ್ಲಿ ಹೇಗೆ ಮುಗೀತು? ಶೃಂಗದ ಮೂಲಕ ನೆಟ್ಟಗೆ ಒಂದು ಗೆರೆ ಎಳೆದು ಕಾಗದವನ್ನ ಅಲ್ಲಿ ಮಡಚಿ. (0, 1) ಹೋಗಿ (4, 1) ಮೇಲೆ ಕೂರುತ್ತೆ. ಮೂರನೇ ಬಿಂದು ಪುಕ್ಕಟೆ! ಎಕ್ಸ್‌ಗೆ 4 ಹಾಕಿ ನೋಡಿ: −4 + 4 + 1, ಸರಿಯಾಗಿ 1.

[ದೃಶ್ಯ: ಪೈಪನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದ ಕೈ]

ಈಗ ಪೈಪನ್ನ ಮಟ್ಟಸವಾಗಿ ಹಿಡೀರಿ. ನೀರು ಏರೋದೇ ಇಲ್ಲ, ಬಾಯಿಂದಲೇ ಇಳಿಯುತ್ತೆ. ಶೃಂಗವೂ (0, 1), ವೈ-ಅಂತಃಛೇದವೂ (0, 1). ಹಾಕಿ ನೋಡಿದ್ರೆ 1 = 0 + 1 ಅಂತ ಬರುತ್ತೆ, ಎ ಮಾಯ. ನಲ್ಲಿ ಸಣ್ಣಗೆ ಬಿಟ್ಟರೂ ಜೋರಾಗಿ ಬಿಟ್ಟರೂ ಶೃಂಗ ಅಲ್ಲೇ ಇರುತ್ತೆ, ಗೆರೆ ಮಾತ್ರ ಬೇರೆ ಬೇರೆ. ಮಡಚಿದ್ರೂ ಹೊಸ ಬಿಂದು ಸಿಗಲ್ಲ. ಆಗ ನೀರು ಬಿದ್ದ ಜಾಗಕ್ಕೆ ಟೇಪ್ ಹಿಡೀಲೇಬೇಕು. 3 ಮೀಟರ್ ದೂರದಲ್ಲಿ ಬಿದ್ದಿದ್ರೆ 0 = 9ಎ + 1, ಎ = −1/9.