ಹಳೆಯ ಮಸ್ಟಾಂಗ್ ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ.

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಕಂಪನಿ ಮಸ್ಟಾಂಗ್ ಕಾರನ್ನು ಜನರ ಮುಂದಿಟ್ಟಿತು. 1966ರ ಮಾರ್ಚ್ ಹೊತ್ತಿಗೆ ಹತ್ತು ಲಕ್ಷನೆಯ ಮಸ್ಟಾಂಗ್ ಕಾರ್ಖಾನೆಯಿಂದ ಹೊರಬಿದ್ದಿತ್ತು. ಅಷ್ಟೊಂದು ಗಾಡಿ ತಯಾರಾದದ್ದರಿಂದಲೇ 1965 ಮತ್ತು 66ರ ಮಸ್ಟಾಂಗ್‌ಗಳು ಅಮೆರಿಕದಲ್ಲಿ ಇವತ್ತಿಗೂ ಮಾರಾಟಕ್ಕೆ ಬರುತ್ತಿರುತ್ತವೆ, ಬಿಡಿಭಾಗಗಳು ಹೊಸದಾಗಿಯೇ ಸಿಗುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಇಂಥದ್ದೊಂದು ಗಾಡಿ ಇಟ್ಟುಕೊಳ್ಳುವ ಆಸೆಯುಳ್ಳವರಿಗೆ ಈ ಮಾತುಗಳು.

ಮೊದಲೇ ಹೇಳಿಬಿಡುತ್ತೇನೆ. ಕೊಳ್ಳುವಾಗ ನೋಡಬೇಕಾದದ್ದು ಬಾಡಿಯನ್ನು, ಎಂಜಿನ್ನನ್ನಲ್ಲ. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಕಟ್ಟಬಹುದು, ಬೇರೆಯದನ್ನೇ ಕೂರಿಸಬಹುದು. ಈ ಕಾರಿಗೆ ಪ್ರತ್ಯೇಕ ಷಾಸಿ ಇಲ್ಲ. ತಗಡು ಮಡಚಿ ಬೆಸೆದ ಬಾಡಿಯೇ ಭಾರವೆಲ್ಲ ಹೊರುತ್ತದೆ. ಆ ತಗಡು ಒಳಗಿಂದ ತುಕ್ಕು ಹಿಡಿದಿದ್ದರೆ ಎಷ್ಟು ಹೊಳೆಯುವ ಬಣ್ಣ ಬಳಿದಿದ್ದರೂ ಪ್ರಯೋಜನವಿಲ್ಲ. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಓಡಿದ ಗಾಡಿಯನ್ನು ಇಮ್ಮಡಿ ಎಚ್ಚರದಿಂದ ನೋಡಿ. ಅರಿಜೋನಾ, ಕ್ಯಾಲಿಫೋರ್ನಿಯಾದ ಒಣಹವೆಯಲ್ಲಿದ್ದ ಗಾಡಿಗೆ ಬೆಲೆ ಹೆಚ್ಚಾದರೂ ಕೊನೆಗೆ ಅದೇ ಅಗ್ಗ.

ತುಕ್ಕು ಹುಡುಕಲು ಮೊದಲು ಮುಂದಿನ ಗಾಜಿನ ಬುಡಕ್ಕೆ ಬನ್ನಿ. ಬಾನೆಟ್ಟಿಗೂ ಗಾಜಿಗೂ ನಡುವೆ, ವೈಪರ್‌ಗಳ ಹತ್ತಿರ, ಗಾಳಿ ಒಳಗೆ ಹೋಗಲು ಸೀಳುಗಳಿವೆ. ಅವುಗಳ ಕೆಳಗೆ ಮುಚ್ಚಿದ ಒಂದು ತಗಡಿನ ಪೆಟ್ಟಿಗೆ ಇದೆ; ಇದಕ್ಕೆ ಕೌಲ್ ಎನ್ನುತ್ತಾರೆ. ಸೀಳಿನಲ್ಲಿ ಬಿದ್ದ ಎಲೆ, ಕಸ ಒಳಗೆ ಕೊಳೆತು ನೀರು ನಿಲ್ಲುತ್ತದೆ. ಗಾಳಿಯನ್ನು ಕಾರಿನೊಳಗೆ ಬಿಡುವ ಕಿಂಡಿಗಳ ಸುತ್ತಲಿನ ಅಂಚು ಮೊದಲು ತೂತಾಗುತ್ತದೆ. ಹೊರಗಿನಿಂದ ಇದು ಏನೇನೂ ಕಾಣುವುದಿಲ್ಲ. ಪರೀಕ್ಷೆ ಸುಲಭ: ಒಳಗಿನ ಕಾರ್ಪೆಟ್ ಎತ್ತಿ, ಸೀಳುಗಳಿಗೆ ಎಡಕ್ಕೊಂದು ಚೊಂಬು, ಬಲಕ್ಕೊಂದು ಚೊಂಬು ನೀರನ್ನು ನಿಧಾನವಾಗಿ ಹೊಯ್ಯಿರಿ. ನೀರು ಮುಂದಿನ ಫೆಂಡರಿನ, ಅಂದರೆ ಚಕ್ರದ ಮೇಲಿನ ಹೊರತಗಡಿನ, ಹಿಂಬದಿಯಿಂದ ನೆಲಕ್ಕೆ ಇಳಿಯಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ತೊಟ್ಟಿಕ್ಕಿದರೆ ಕೌಲ್ ಹೋಗಿದೆ ಎಂದರ್ಥ. ಸರಿಮಾಡಲು ಫೆಂಡರ್ ಬಿಚ್ಚಿ, ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ, ಮೇಲಿನ ತಗಡನ್ನೇ ಎಬ್ಬಿಸಬೇಕು. ತಗಡಿನ ಬೆಲೆ ಅಲ್ಪ, ಕೂಲಿ ವಿಪರೀತ. ನೀರು ಹೊಯ್ಯಲು ಮಾರುವವನು ಒಪ್ಪದಿದ್ದರೆ ಅಲ್ಲಿಂದ ಹೊರಟುಬಿಡಿ.

ಇನ್ನು ಗಾಡಿಯನ್ನು ಲಿಫ್ಟಿಗೆ ಏರಿಸಿ. ನೆಲದ ತಗಡು, ಅದರಡಿಯ ಉದ್ದದ ತೊಲೆಗಳು, ತೊಲೆಯನ್ನು ಬಾಗಿಲಿನ ಕೆಳಗಿನ ಹೊಸ್ತಿಲಿಗೆ ಜೋಡಿಸುವ ಟಾರ್ಕ್ ಬಾಕ್ಸ್, ಹಿಂದಿನ ಲೀಫ್ ಸ್ಪ್ರಿಂಗಿನ ಮುಂದಿನ ತುದಿ ಸಿಕ್ಕಿಸಿರುವ ಜಾಗ, ಇಷ್ಟನ್ನೂ ಟಾರ್ಚ್ ಹಾಕಿ ನೋಡಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ಕೊಳೆತದ್ದು ಮೆತ್ತಗೆ ಒಳಗೆ ಹೋಗುತ್ತದೆ. ತಳಕ್ಕೆಲ್ಲ ಈಗಷ್ಟೇ ದಪ್ಪಗೆ ಕಪ್ಪು ಡಾಂಬರು ಬಳಿದಿದ್ದರೆ ಅದರ ಹಿಂದೇನಿದೆ ಎಂದು ಅನುಮಾನಿಸುವುದೇ ಸರಿ. ಬಾನೆಟ್ಟಿನಡಿ ಬ್ಯಾಟರಿ ಕೂತಿರುವ ಬಲಬದಿಯಲ್ಲಿ ಆಸಿಡ್ ಸೋರಿ ಪಕ್ಕದ ತಗಡನ್ನೂ ಕೆಳಗಿನ ತೊಲೆಯನ್ನೂ ತಿಂದಿರುತ್ತದೆ. ಅಲ್ಲೇ ಎರಡೂ ಕಡೆ ಎದ್ದು ನಿಂತ, ಶಾಕ್ ಅಬ್ಸಾರ್ಬರ್ ಕೂರುವ ಶಾಕ್ ಟವರ್‌ಗಳಲ್ಲಿ, ಸಸ್ಪೆನ್ಷನ್ನಿನ ಮೇಲಿನ ತೋಳು ಬೋಲ್ಟ್ ಆಗಿರುವ ಸುತ್ತ, ಕೂದಲೆಳೆಯಂಥ ಬಿರುಕು ಹುಡುಕಿ.

ಡಿಕ್ಕಿಯ ಮ್ಯಾಟ್ ಎತ್ತಿ. ಈ ಕಾರಿನಲ್ಲಿ 16 ಗ್ಯಾಲನ್ನಿನ, ಅಂದರೆ ಸುಮಾರು 60 ಲೀಟರಿನ, ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಟ್ಯಾಂಕಿನ ಅಂಚು, ಎರಡು ಪಕ್ಕದ ಗುಳಿ, ಎಲ್ಲ ನೋಡಿ. ಪೆಟ್ರೋಲ್ ವಾಸನೆ ಬಂದರೆ ಕಡೆಗಣಿಸಬೇಡಿ.

ಹೊರಗಿನ ತಗಡಿಗೆ ಒಂದು ಸಣ್ಣ ಅಯಸ್ಕಾಂತ ಸಾಕು, ಬಣ್ಣ ಗೀಚದಂತೆ ತೆಳುಬಟ್ಟೆ ಸುತ್ತಿರಿ. ಮುಂದಿನ ಚಕ್ರದ ಹಿಂದಿರುವ ಫೆಂಡರಿನ ಭಾಗ, ಬಾಗಿಲಿನ ಅಡಿಯಂಚು, ಹಿಂದಿನ ಚಕ್ರದ ಕಮಾನು, ಇಲ್ಲೆಲ್ಲ ಅದನ್ನು ಇಟ್ಟು ನೋಡಿ. ಅಂಟದ ಕಡೆ ಪುಟ್ಟಿ ತುಂಬಿದೆ. ಛಾವಣಿ ಮಡಚುವ ಕನ್ವರ್ಟಿಬಲ್ ಆದರೆ ಬಾಗಿಲಿನ ಸಂದು ನೋಡಿ. ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ, ಬಾಗಿಲು ತೆರೆದು ತುದಿಯನ್ನು ಕೈಯಿಂದ ಮೇಲಕ್ಕೆತ್ತಿ. ಅಲುಗಾಡಿದರೆ ಕೀಲು ಸವೆದಿದೆ, ಅದು ಚಿಕ್ಕ ಖರ್ಚು. ಕೀಲು ಬಿಗಿಯಾಗಿದ್ದರೆ ಬಾಡಿಯೇ ನಡುವಿನಲ್ಲಿ ಕುಸಿದಿದೆ. ಅಂಥದ್ದು ಬೇಡ.

ಇನ್ನು ನಂಬರಿನ ವಿಷಯ. ಎಂಜಿನ್ ಇರುವ ಜಾಗದ ಎಡಬದಿ, ಅಂದರೆ ಡ್ರೈವರ್ ಕಡೆ, ಒಳಗಿನ ತಗಡಿನ ಮೇಲೆ ಗಾಡಿಯ ನಂಬರ್ ಒತ್ತಿರುತ್ತದೆ. ಫೆಂಡರಿನಂಚಿನಲ್ಲಿ ಅದಕ್ಕಾಗಿಯೇ ಒಂದು ಕಚ್ಚು ಇದೆ. 5 ಎಫ್ 07 ಸಿ ಎಂದು ಶುರುವಾದರೆ, 5 ಎಂದರೆ 1965, ಎಫ್ ಎಂದರೆ ಮಿಷಿಗನ್ನಿನ ಡಿಯರ್‌ಬಾರ್ನ್ ಕಾರ್ಖಾನೆ, 07 ಎಂದರೆ ಗಟ್ಟಿ ಛಾವಣಿಯ ಹಾರ್ಡ್‌ಟಾಪ್. 08 ಕನ್ವರ್ಟಿಬಲ್, 09 ಹಿಂದಕ್ಕೆ ಇಳಿಜಾರಾದ ಛಾವಣಿಯ ಫಾಸ್ಟ್‌ಬ್ಯಾಕ್. ಸಿ ಎಂದರೆ 200 ಅಶ್ವಶಕ್ತಿಯ, 289 ಘನ ಇಂಚಿನ, ಎಂಟು ಸಿಲಿಂಡರಿನ ವಿ-8 ಎಂಜಿನ್. ಎ 225, ಕೆ 271 ಅಶ್ವಶಕ್ತಿ. ಟಿ ಇದ್ದರೆ ಆರು ಸಿಲಿಂಡರಿನದು, 120 ಅಶ್ವಶಕ್ತಿ. ಟಿ ನಂಬರಿನ ಗಾಡಿಯಲ್ಲಿ ವಿ-8 ಕೂತಿದ್ದರೆ ಅದು ಆಮೇಲೆ ಹಾಕಿದ್ದು. ತಪ್ಪೇನಿಲ್ಲ, ಆದರೆ ಚಕ್ರಕ್ಕೆ ಈಗಲೂ ನಾಲ್ಕೇ ನಟ್ ಇದ್ದರೆ ಆರು ಸಿಲಿಂಡರಿನ ಸಣ್ಣ ಬ್ರೇಕುಗಳೇ ಉಳಿದಿವೆ. ವಿ-8 ಗಾಡಿಗೆ ಐದು ನಟ್. ಹೆಚ್ಚು ಬೆಲೆ ಬಾಳುವುದು ಕೆ. ಮೋಸವೂ ಅದರಲ್ಲೇ ಹೆಚ್ಚು. ಬಾಗಿಲಿನಂಚಿನ ಲೋಹದ ಪಟ್ಟಿಯನ್ನು ಹೊಸದಾಗಿ ಅಚ್ಚು ಹಾಕಿಸಬಹುದು, ಆದ್ದರಿಂದ ಅದನ್ನು ಪುರಾವೆ ಎಂದು ಒಪ್ಪಬೇಡಿ.

ಎಂಜಿನ್ ತಣ್ಣಗಿರುವಾಗಲೇ ನಿಮ್ಮೆದುರು ಸ್ಟಾರ್ಟ್ ಮಾಡಿಸಿ. ಶುರುವಿನಲ್ಲಿ ಒಂದು ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವಿನ ಸೀಲು ಸವೆದಿದೆ. ಓಡುವಾಗಲೂ ಬಿಡದಿದ್ದರೆ ಪಿಸ್ಟನ್ ರಿಂಗ್. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ: ಅತಿ ಕಡಿಮೆ ಬಂದ ಸಿಲಿಂಡರ್, ಅತಿ ಹೆಚ್ಚು ಬಂದದ್ದರ ಮುಕ್ಕಾಲು ಪಾಲಾದರೂ ಇರಬೇಕು. ಎಂಜಿನ್ ಹಿಂಬದಿಯಲ್ಲಿ ಒಂದೆರಡು ಹನಿ ಆಯಿಲ್ ಸಹಜ. ಪೆಟ್ರೋಲ್ ಹೋಸುಗಳು ಹಳೆಯವಾದರೆ ಬದಲಿಸಲೇಬೇಕು, ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳುವುದಿಲ್ಲ.

ಆಟೊಮ್ಯಾಟಿಕ್ ಗೇರಿನಲ್ಲಿ ಒಂದು ವಿಶೇಷವಿದೆ. ಗೇರ್ ಹಿಡಿಕೆಯ ಸ್ಕೇಲಿನ ಮೇಲೆ ಎರಡು ಚುಕ್ಕಿಗಳಿರುತ್ತವೆ. ದೊಡ್ಡ ಚುಕ್ಕಿಗೆ ಹಾಕಿದರೆ ಗಾಡಿ ಮೊದಲ ಗೇರಿನಲ್ಲಿ ಹೊರಡುತ್ತದೆ, ಚಿಕ್ಕದಕ್ಕೆ ಹಾಕಿದರೆ ಎರಡನೆಯದರಲ್ಲಿ. ಇದು ಗೊತ್ತಿಲ್ಲದವರು ಪಿಕಪ್ ಇಲ್ಲ, ಗೇರ್‌ಬಾಕ್ಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಗೇರ್ ಆಯಿಲ್ ಕೆಂಪಗಿರಬೇಕು, ಸುಟ್ಟ ವಾಸನೆ ಇರಬಾರದು.

ಬ್ರೇಕ್ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ, ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. 1966ರವರೆಗಿನ ಮಸ್ಟಾಂಗ್‌ಗಳಿಗೆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. 1967ರಿಂದ ಎರಡು ಕೋಣೆಯದು ಬಂತು. ಹಳೆಯದೇ ಇದ್ದರೆ ಎರಡು ಕೋಣೆಯದನ್ನು ಹಾಕಿಸುವ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ. ಗಾಡಿ ಮನೆಗೆ ಬಂದ ಮೇಲೆ ಮಾಡಿಸುವ ಮೊದಲ ಕೆಲಸ ಅದೇ ಆಗಲಿ.

ಹಣ ಕೊಡುವ ಮುಂಚೆ, ಮಾಲೀಕತ್ವದ ದಾಖಲೆಯಾದ ಟೈಟಲ್ ಹಿಡಿದುಕೊಂಡು ಬಾನೆಟ್ ತೆಗೆದು, ತಗಡಿನ ಮೇಲಿನ ನಂಬರನ್ನು ಒಂದೊಂದೇ ಅಂಕಿ ಓದಿ ತಾಳೆ ನೋಡಿ. ಒಂದಂಕಿ ಬೇರೆಯಾಗಿದ್ದರೂ ಅವತ್ತು ಹಣ ಕೊಡಬೇಡಿ. ರಾಜ್ಯದ ವಾಹನ ನೋಂದಣಿ ಕಚೇರಿಗೆ ಹೋಗಿ ತಿದ್ದಿಸಿಕೊಂಡು ಬರುವುದು ಮಾರುವವನ ಕೆಲಸ.