ಚಾಕೊಲೇಟ್ ಮಿಠಾಯಿ: ಹೊದಿಕೆಯ ಹಿಂಬದಿ ಹೇಳುವುದೇನು?

ಕೇಳುಗರೆಲ್ಲರಿಗೂ ನಮಸ್ಕಾರ.

ಚಾಕೊಲೇಟ್ ಹೃದಯಕ್ಕೆ ಒಳ್ಳೆಯದಂತೆ ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಚಾಕೊಲೇಟ್ ತಿಂದರೆ ಹಲ್ಲು ಹುಳುಕಾಗುತ್ತದೆ ಎಂದು ಮಕ್ಕಳನ್ನು ಗದರಿಸುವುದನ್ನೂ ಕೇಳಿರುತ್ತೀರಿ. ಎರಡರಲ್ಲೂ ಸತ್ಯಾಂಶ ಇದೆ. ಮೊದಲನೆಯದು ಕೊಕ್ಕೋ ಬೀಜದ ಗುಣ, ಎರಡನೆಯದು ಆ ಬೀಜಕ್ಕೆ ಸಕ್ಕರೆ ಬೆರೆಸಿ ಮಾಡಿದ ಮಿಠಾಯಿಯ ಗುಣ. ಬೀಜ ಗಳಿಸಿದ ಒಳ್ಳೆಯ ಹೆಸರನ್ನು ಮಿಠಾಯಿ ಹೊತ್ತುಕೊಂಡು ಓಡಾಡುತ್ತಿದೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು ಎನ್ನುವುದೇ ನನ್ನ ಇಂದಿನ ಮಾತಿನ ತಿರುಳು.

ಹಾಲಿನ ಚಾಕೊಲೇಟಿನ ಒಂದು ಬಾರ್ ಕೈಗೆತ್ತಿಕೊಳ್ಳಿ. ಮುಂಬದಿಯನ್ನು ಬಿಡಿ, ಅಲ್ಲಿರುವುದು ಬರೀ ಅಲಂಕಾರ. ಹಿಂಬದಿಗೆ ತಿರುಗಿಸಿ, ಸಣ್ಣ ಅಕ್ಷರಗಳಲ್ಲಿರುವ ಪದಾರ್ಥಗಳ ಪಟ್ಟಿಯನ್ನು ಓದಿ. ಈ ಪಟ್ಟಿಗೊಂದು ನಿಯಮ ಉಂಟು: ಯಾವುದು ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರಬೇಕು. ಹಾಲಿನ ಚಾಕೊಲೇಟಿನಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಸಕ್ಕರೆಯದು. ಕೊಕ್ಕೋ ಬೆಣ್ಣೆ (ಅಂದರೆ ಕೊಕ್ಕೋ ಬೀಜದ ಕೊಬ್ಬು), ಹಾಲಿನ ಪುಡಿ, ಕೊಕ್ಕೋ ಇವೆಲ್ಲ ಅದರ ಹಿಂದೆ ಸಾಲಾಗಿ ನಿಲ್ಲುತ್ತವೆ. ಕೊನೆಯಲ್ಲಿ ಲೆಸಿಥಿನ್ ಎಂಬ ಹೆಸರು ಕಂಡರೆ ಗಾಬರಿ ಬೇಡ. ಕರಗಿದ ಚಾಕೊಲೇಟ್ ಅಚ್ಚಿಗೆ ಸಲೀಸಾಗಿ ಹರಿಯಲೆಂದು ಹಾಕುವ ಪದಾರ್ಥ ಅದು, ಹೆಚ್ಚಾಗಿ ಸೋಯಾದಿಂದ ತೆಗೆದದ್ದು.

ಈಗ ಅಂಕಿಗಳಿಗೆ ಬರೋಣ. 100 ಗ್ರಾಂ ಹಾಲಿನ ಚಾಕೊಲೇಟಿನಲ್ಲಿ ಸುಮಾರು 535 ಕ್ಯಾಲರಿ ಇರುತ್ತದೆ. ಸಕ್ಕರೆ ಹತ್ತಿರ ಹತ್ತಿರ 52 ಗ್ರಾಂ, ಕೊಬ್ಬು 30 ಗ್ರಾಂ. ಎರಡನ್ನೂ ಕೂಡಿದರೆ 82. ಪ್ರೋಟೀನು, ನಾರಿನಂಶ, ಖನಿಜಗಳು, ಕೊಕ್ಕೋದ ಹೆಸರಾಂತ ಸತ್ತ್ವಗಳೆಲ್ಲ ಮಿಕ್ಕ 18 ಗ್ರಾಂ ಒಳಗೇ ಜಾಗ ಹಂಚಿಕೊಳ್ಳಬೇಕು. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ಚಿತ್ರ ಮಾತ್ರ ಬದಲಾಗದು.

ಯಾರೂ ಒಂದೇ ಸಲಕ್ಕೆ 100 ಗ್ರಾಂ ತಿನ್ನುವುದಿಲ್ಲ ಅನ್ನಬಹುದು. ಸರಿ, 40 ಗ್ರಾಂ ಬಾರ್ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 21 ಗ್ರಾಂ ಸಕ್ಕರೆ, ಅಂದರೆ ಐದು ಟೀ ಚಮಚ. ಇದರಲ್ಲಿ ಸ್ವಲ್ಪ ಪಾಲು ಹಾಲಿನಲ್ಲೇ ಇರುವ ಲ್ಯಾಕ್ಟೋಸ್, ಉಳಿದದ್ದು ಹೊರಗಿನಿಂದ ಸುರಿದದ್ದು. ಹೀಗೆ ಬೆರೆಸಿದ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು, ಶೇಕಡಾ 5ಕ್ಕಿಂತ ಕೆಳಗಿಳಿಸಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 2,000 ಕ್ಯಾಲರಿ ಬೇಕಾದ ವಯಸ್ಕರಿಗೆ ಶೇಕಡಾ 5 ಎಂದರೆ 25 ಗ್ರಾಂ. ಒಂದೇ ಒಂದು ಬಾರ್ ಆ ಮಿತಿಯ ಬಹುಪಾಲನ್ನು ಮುಗಿಸಿಬಿಡುತ್ತದೆ. ಮಕ್ಕಳ ಪಾಲು ಇನ್ನೂ ಕಡಿಮೆ, ಬಾರ್ ಮಾತ್ರ ಅದೇ ಅಳತೆಯದು. ನನ್ನನ್ನು ಹೆಚ್ಚು ಕಾಡುವುದು ಈ ವಿಷಯ.

ಹಾಲು ಸೇರಿದೆಯಲ್ಲ, ಕ್ಯಾಲ್ಸಿಯಂ ಸಿಗುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಆ ಬಾರಿನಲ್ಲಿ ಸಿಗುವುದು ಸುಮಾರು 75 ಮಿಲಿಗ್ರಾಂ. ಒಂದು ಲೋಟ ಹಾಲು ಕುಡಿದರೆ ಅದರ ಮೂರರಷ್ಟು ಸಿಗುತ್ತದೆ, ಸಕ್ಕರೆ ಸುರಿಯದೆಯೇ.

ಕೊಬ್ಬಿನ ವಿಷಯ ಇಷ್ಟು ನೇರವಾಗಿಲ್ಲ, ಸ್ವಲ್ಪ ನಿಂತು ನೋಡಬೇಕು. ಒಂದು ತುಂಡನ್ನು ಅಗಿಯದೆ ನಾಲಿಗೆಯ ಮೇಲಿಟ್ಟು ನೋಡಿ. ಮೊದಲು ಗಟ್ಟಿಯಾಗಿ ಕೂತಿರುತ್ತದೆ, ಅಂಚು ಮೆತ್ತಗಾಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಬಾಯಿತುಂಬ ಹರಡಿಕೊಳ್ಳುತ್ತದೆ, ಜೊತೆಗೇ ನಾಲಿಗೆಗೆ ಒಂದು ತಂಪು. ಇದು ಕೊಕ್ಕೋ ಬೆಣ್ಣೆಯ ಕೈಚಳಕ. ಅದು ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಮ್ಮ ಮೈಶಾಖಕ್ಕಿಂತ ಚೂರೇ ಕೆಳಗೆ. ಕರಗುವಾಗ ಬಾಯಿಯ ಶಾಖವನ್ನೇ ಹೀರಿಕೊಳ್ಳುವುದರಿಂದ ತಂಪೆನಿಸುತ್ತದೆ. ಈ ಬೆಣ್ಣೆಯಲ್ಲಿ ಪಾಲ್ಮಿಟಿಕ್, ಸ್ಟಿಯರಿಕ್, ಓಲೆಯಿಕ್ ಎಂಬ ಮೂರು ಆಮ್ಲಗಳು ಹೆಚ್ಚುಕಡಿಮೆ ಸಮಪಾಲಿನಲ್ಲಿವೆ. ಮೊದಲೆರಡು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಸಾಮಾನ್ಯವಾಗಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯದು. ಆದರೆ ಸ್ಟಿಯರಿಕ್ ಆಮ್ಲ ಕೆಟ್ಟ ಕೊಲೆಸ್ಟ್ರಾಲನ್ನು ಪಾಲ್ಮಿಟಿಕ್‌ನಂತೆ ಏರಿಸುವುದಿಲ್ಲ. ಓಲೆಯಿಕ್ ಅಂತೂ ಆಲಿವ್ ಎಣ್ಣೆಯ ಮುಖ್ಯ ಅಂಶ. ಹಾಗಾಗಿ ಕೊಕ್ಕೋ ಬೆಣ್ಣೆ ಹೆಸರಿನಷ್ಟು ಕೆಟ್ಟದ್ದಲ್ಲ. ಹಾಗೆಂದು ಅದರ ಕ್ಯಾಲರಿಯೇನೂ ಕಡಿಮೆಯಾಗದು. ಯಾವ ಕೊಬ್ಬಾದರೂ ಗ್ರಾಮಿಗೆ 9 ಕ್ಯಾಲರಿ.

ಕೊಕ್ಕೋ ಬೆಣ್ಣೆ ದುಬಾರಿ. ಅದರ ಬದಲು ತಾಳೆಬೀಜದ ಎಣ್ಣೆಯಂಥ ಅಗ್ಗದ ಕೊಬ್ಬು ಹಾಕಿ ಮಾಡುವ ಮಿಠಾಯಿಗಳೂ ಇವೆ. ಅವಕ್ಕೆ ಕಾಂಪೌಂಡ್ ಚಾಕೊಲೇಟ್ ಎನ್ನುತ್ತಾರೆ. ಕೇಕಿನ ಮೇಲಿನ ಲೇಪ, ಬಿಸ್ಕತ್ತಿನ ಹೊದಿಕೆ ಬಹಳಷ್ಟು ಸಲ ಇದೇ. ಮೇಲೆ ಹೇಳಿದ ರಿಯಾಯಿತಿ ಈ ಎಣ್ಣೆಗೆ ಅನ್ವಯಿಸುವುದಿಲ್ಲ, ಅದರಲ್ಲಿರುವುದು ಬಹುತೇಕ ಸ್ಯಾಚುರೇಟೆಡ್ ಕೊಬ್ಬೇ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು. ಪಟ್ಟಿಯಲ್ಲಿ 'ಸಸ್ಯಜನ್ಯ ಕೊಬ್ಬು' ಎಂಬ ಮಾತು ಮೊದಮೊದಲ ಹೆಸರುಗಳಲ್ಲೇ ಇದೆಯೇ ಎಂದು ನೋಡಿಕೊಳ್ಳಬೇಕು.

ಬಿಳಿ ಚಾಕೊಲೇಟಿನ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಕೊಕ್ಕೋ ಬೆಣ್ಣೆ, ಹಾಲು, ಸಕ್ಕರೆ, ಅಷ್ಟೇ. ಬೀಜದ ಕಂದು ಭಾಗ ಅದರಲ್ಲಿ ಇಲ್ಲವೇ ಇಲ್ಲ.

ಆ ಕಂದು ಭಾಗ ತುಂಬಿಕೊಂಡಿರುವುದು ಕಪ್ಪು ಚಾಕೊಲೇಟಿನಲ್ಲಿ, ಅಂದರೆ ಡಾರ್ಕ್ ಚಾಕೊಲೇಟಿನಲ್ಲಿ. ಶೇಕಡಾ 70ರಿಂದ 85 ಕೊಕ್ಕೋ ಇರುವ ಬಾರಿನ 100 ಗ್ರಾಂಗೆ ಸಕ್ಕರೆ ಸುಮಾರು 24 ಗ್ರಾಂಗೆ ಇಳಿಯುತ್ತದೆ. ನಾರಿನಂಶ 11 ಗ್ರಾಂ, ಮೆಗ್ನೀಶಿಯಂ ಸುಮಾರು 228 ಮಿಲಿಗ್ರಾಂ, ಕಬ್ಬಿಣಾಂಶ 12 ಮಿಲಿಗ್ರಾಂ. ನೋಡಲು ಹಿತವಾದ ಅಂಕಿಗಳು. ಆದರೆ ಕೊಬ್ಬು 43 ಗ್ರಾಂಗೆ ಏರುತ್ತದೆ, ಕ್ಯಾಲರಿ 600ರ ಹತ್ತಿರ. ಡಾರ್ಕ್ ತಿಂದರೆ ದಪ್ಪಗಾಗುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಕಬ್ಬಿಣಾಂಶವೂ ಸಸ್ಯಮೂಲದ್ದು, ಕೊಕ್ಕೋದಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯಜನ್ಯ ಸಂಯುಕ್ತಗಳೇ ಅದು ರಕ್ತಕ್ಕೆ ಸೇರದಂತೆ ಅಡ್ಡಗಾಲು ಹಾಕುತ್ತವೆ. ರಕ್ತಹೀನತೆಗೆ ಚಾಕೊಲೇಟ್ ಮದ್ದು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಇನ್ನು ಹೃದಯದ ಮಾತು. ಅದರ ಮೂಲ ಫ್ಲಾವನಾಲ್ ಎಂಬ ಸಂಯುಕ್ತಗಳಲ್ಲಿದೆ. ದಿನಕ್ಕೆ 200 ಮಿಲಿಗ್ರಾಂ ಕೊಕ್ಕೋ ಫ್ಲಾವನಾಲ್ ರಕ್ತನಾಳಗಳ ಸ್ಥಿತಿಸ್ಥಾಪಕತ್ವವನ್ನು ಕಾಪಾಡಲು ನೆರವಾಗುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿಕೊಂಡಿತು. ಮುಂದೆ ಅಮೆರಿಕದಲ್ಲಿ 21,000ಕ್ಕೂ ಹೆಚ್ಚು ಹಿರಿಯರ ಮೇಲೆ ಕಾಸ್ಮೋಸ್ ಎಂಬ ದೊಡ್ಡ ಪ್ರಯೋಗ ನಡೆಯಿತು. ಅವರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಫ್ಲಾವನಾಲ್ ಕೊಟ್ಟರು. 2022ರಲ್ಲಿ ಫಲಿತಾಂಶ ಹೊರಬಂತು: ಒಟ್ಟು ಹೃದಯ ಸಂಬಂಧಿ ಘಟನೆಗಳಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ, ಹೃದಯ ಕಾಯಿಲೆಯ ಸಾವುಗಳು ಮಾತ್ರ ಕಡಿಮೆಯಾಗಿದ್ದವು. ಭರವಸೆ ಇದೆ, ಖಾತರಿ ಇಲ್ಲ. ಮುಖ್ಯವಾದ ಸಂಗತಿಯೆಂದರೆ ಅವರಿಗೆಲ್ಲ ಕೊಟ್ಟದ್ದು ಕ್ಯಾಪ್ಸೂಲ್, ಮಿಠಾಯಿಯಲ್ಲ.

ಕಾರಣ ಸರಳ. ಬೀಜವನ್ನು ಹುಳಿಬರಿಸುವಾಗ, ಹುರಿಯುವಾಗ ಫ್ಲಾವನಾಲ್ ಸೋರಿಹೋಗುತ್ತಾ ಬರುತ್ತದೆ. ಬಣ್ಣ ಗಾಢವಾಗಲಿ, ಒಗರು ತಗ್ಗಲಿ ಎಂದು ಕೊಕ್ಕೋಗೆ ಕ್ಷಾರ ಬೆರೆಸುವ ರೂಢಿಯಿದೆ, ಆಗ ಉಳಿದದ್ದರಲ್ಲೂ ದೊಡ್ಡ ಪಾಲು ನಾಶವಾಗುತ್ತದೆ. ಅಂದರೆ ಬಣ್ಣ ಕಪ್ಪಾದಷ್ಟೂ ಸತ್ತ್ವ ಹೆಚ್ಚು ಎನ್ನುವ ಲೆಕ್ಕ ತಪ್ಪು. ಹೊದಿಕೆಯ ಮೇಲಿನ ಶೇಕಡಾವಾರು ಕೂಡ ಕೊಕ್ಕೋ ಪುಡಿ ಮತ್ತು ಕೊಕ್ಕೋ ಬೆಣ್ಣೆ ಎರಡನ್ನೂ ಸೇರಿಸಿ ಹೇಳಿದ್ದು, ಫ್ಲಾವನಾಲಿನ ಅಳತೆ ಅಲ್ಲ.

ಕೊಕ್ಕೋ ಮರ ಮಣ್ಣಿನಿಂದ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹವನ್ನೂ ಹೀರುತ್ತದೆ. ಹೆಚ್ಚು ಕೊಕ್ಕೋ ಎಂದರೆ ಅದೂ ಹೆಚ್ಚು. ಯುರೋಪಿಯನ್ ಒಕ್ಕೂಟ ಚಾಕೊಲೇಟಿಗೆ ಕ್ಯಾಡ್ಮಿಯಂ ಮಿತಿಯನ್ನು 2019ರಿಂದ ಜಾರಿಗೆ ತಂದದ್ದು ಇದಕ್ಕಾಗಿಯೇ. ಆದ್ದರಿಂದ ಡಾರ್ಕ್ ಇಷ್ಟಪಡುವವರು ದಿನಕ್ಕೆ ಒಂದೆರಡು ತುಂಡಿಗೆ ನಿಲ್ಲಿಸುವುದು ಲೇಸು.

ಸಕ್ಕರೆ ಕಾಯಿಲೆಯವರು 'ಶುಗರ್ ಫ್ರೀ' ಎಂದು ಬರೆದದ್ದನ್ನು ನೋಡಿ ನಿರಾಳವಾಗುತ್ತಾರೆ. ಅದರಲ್ಲಿ ಸಕ್ಕರೆಯ ಜಾಗಕ್ಕೆ ಹೆಚ್ಚಾಗಿ ಮಾಲ್ಟಿಟಾಲ್ ಎಂಬ ಬದಲಿ ಸಿಹಿಪದಾರ್ಥ ಬಂದು ಕೂತಿರುತ್ತದೆ. ಅದು ಸಕ್ಕರೆಯಷ್ಟಲ್ಲದಿದ್ದರೂ ರಕ್ತದ ಗ್ಲೂಕೋಸನ್ನು ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ. ಕೊಬ್ಬು ಮತ್ತು ಕ್ಯಾಲರಿ ಬಹುಪಾಲು ಹಾಗೆಯೇ ಉಳಿದಿರುತ್ತವೆ. ಇಂಥದ್ದನ್ನು ಕೊಳ್ಳುವಾಗ ಮುಂಬದಿಯ ಎರಡು ಪದಗಳಿಗಿಂತ ಹಿಂಬದಿಯ 'ಒಟ್ಟು ಕಾರ್ಬೋಹೈಡ್ರೇಟ್' ಎಂಬ ಸಾಲನ್ನು ನೋಡಿ.

ಕೊನೆಯದಾಗಿ, ಮನೆಯಲ್ಲಿ ನಾಯಿ ಸಾಕಿದವರಿಗೆ ಒಂದು ಮಾತು. ಕೊಕ್ಕೋದಲ್ಲಿ ಥಿಯೊಬ್ರೊಮಿನ್ ಎಂಬ ಉತ್ತೇಜಕ ಇದೆ. ನಮ್ಮ ದೇಹ ಅದನ್ನು ಬೇಗ ಕರಗಿಸಿ ಹೊರಹಾಕುತ್ತದೆ, ನಾಯಿಯ ದೇಹಕ್ಕೆ ಅದು ಆಗದು. ವಾಂತಿ, ನಡುಕ, ಹೃದಯ ಬಡಿತದ ಏರುಪೇರು ಕಾಣಿಸಿಕೊಂಡು ಜೀವಕ್ಕೇ ಕುತ್ತಾಗಬಹುದು. ಅದರಲ್ಲೂ ಡಾರ್ಕ್ ಚಾಕೊಲೇಟ್ ಹೆಚ್ಚು ಅಪಾಯ. ನಾಯಿ ಚಾಕೊಲೇಟ್ ತಿಂದದ್ದು ಗೊತ್ತಾದರೆ ಲಕ್ಷಣಗಳಿಗೆ ಕಾಯದೆ ಪಶುವೈದ್ಯರನ್ನು ಕಾಣಿ. ಹೊದಿಕೆಯನ್ನು ಜೊತೆಗೇ ಒಯ್ಯಿರಿ, ಎಷ್ಟು ಕೊಕ್ಕೋ ಹೊಟ್ಟೆಗೆ ಹೋಗಿದೆ ಎಂದು ಲೆಕ್ಕಹಾಕಲು ಅವರಿಗೆ ಅದು ಬೇಕಾಗುತ್ತದೆ.

ನಮಸ್ಕಾರ.