ದುಃಖದ ಮನೆಗೆ ಒಯ್ಯುವ ಬಿಸಿರೊಟ್ಟಿ

ಮಾನ್ಯ ಸಭಿಕರೇ,

ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದೆಂಬ ರೂಢಿ ನಮ್ಮ ಗದಗ, ರೋಣದ ಕಡೆ ಇಂದಿಗೂ ಅನೇಕ ಮನೆಗಳಲ್ಲಿದೆ. ಆ ಹೊತ್ತಿನಲ್ಲಿ ಮನೆಯವರ ಊಟದ ಹೊಣೆಯನ್ನು ಓಣಿಯವರೂ ಬೀಗರೂ ಹೊರುತ್ತಾರೆ. ಅದಕ್ಕೆ ನಾವು ಬುತ್ತಿ ಒಯ್ಯುವುದು ಎನ್ನುತ್ತೇವೆ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂದ ಈ ಕೆಲಸದಲ್ಲಿ ನಮ್ಮ ಮನೆತನದ ಕಟ್ಟುನಿಟ್ಟು ಒಂದೇ: ಅಂಥ ಮನೆಗೆ ಖಡಕ್ ರೊಟ್ಟಿ ಒಯ್ಯಕೂಡದು, ಆಗಲೇ ಸುಟ್ಟ ಮೆತ್ತನೆಯ ರೊಟ್ಟಿಯೇ ಆಗಬೇಕು.

ಅತ್ತು ಒಣಗಿದ ಗಂಟಲಿಗೆ ಗಟ್ಟಿ ರೊಟ್ಟಿ ಇಳಿಯುವುದಿಲ್ಲವೆಂಬುದು ಮೇಲುನೋಟದ ಕಾರಣ. ಖಡಕ್ ರೊಟ್ಟಿಯನ್ನು ವಾರಗಟ್ಟಲೆ ಒಟ್ಟಿ ಇಡಬಹುದು, ಮೆತ್ತನೆಯದು ಹಾಗಲ್ಲ. ಜೋಳದಲ್ಲಿ ಗೋಧಿಯ ಗ್ಲುಟೆನ್ ಎಂಬ ಅಂಟು ಇಲ್ಲದ ಕಾರಣ ತಣ್ಣೀರಿನಲ್ಲಿ ಕಲಸಿದ ಹಿಟ್ಟು ಬಡಿಯುವಾಗ ಅಂಚು ಬಿರಿಯುತ್ತದೆ. ಕುದಿಯುವ ಎಸರು ಬಿದ್ದರೆ ಪಿಷ್ಟ ಉಬ್ಬಿ ಜಿಗಿ ಬರುತ್ತದೆ. ಬಿಸಿ ಹಿಟ್ಟನ್ನು ಅಂಗೈಯಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ಮಗುಚಿ, ಉಬ್ಬುವವರೆಗೆ ಕಾಯಬೇಕು. 20 ರೊಟ್ಟಿ ಎಂದರೆ ಬೆಳಗಿನ ಕೆಲಸವನ್ನೆಲ್ಲ ಬದಿಗಿಟ್ಟಂತೆ. ಮನೆಯಲ್ಲಿ ಬಿದ್ದಿದ್ದನ್ನು ತಂದದ್ದಲ್ಲ, ನಿಮಗಾಗಿಯೇ ಒಲೆಯ ಮುಂದೆ ಕುಳಿತೆವು ಎಂಬುದನ್ನು ಬಾಯಿಬಿಟ್ಟು ಹೇಳದೆ ತಿಳಿಸುವ ಬಗೆ ಇದು.

ಜೊತೆಗೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಗಡಿಗೆ ಮೊಸರು ಸಾಕು. ಎಣ್ಣೆಯಲ್ಲಿ ಕರಿದದ್ದನ್ನೂ ಸಿಹಿಯನ್ನೂ ಒಯ್ಯುತ್ತಿರಲಿಲ್ಲ. ಈಗ ಖಾನಾವಳಿಗೆ ಫೋನು ಮಾಡಿ ಬುತ್ತಿ ಕಳುಹಿಸುವವರಿದ್ದಾರೆ. ಊರು ಬಿಟ್ಟು ದುಡಿಯುವವರಿಗೆ ಅದು ಅನಿವಾರ್ಯ, ನಾನು ಆಕ್ಷೇಪಿಸಲಾರೆ. ಆದರೆ ಡಬ್ಬಿ ಕೊಟ್ಟು ಬಾಗಿಲಿನಿಂದಲೇ ಹೊರಳುವುದನ್ನು ಮಾತ್ರ ಒಪ್ಪಲಾರೆ. ಅವ್ವ ತಾಟು ಹಚ್ಚಿ, ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ, "ಒಂದ್ ತುತ್ತು ಉಣ್ಣವ್ವಾ, ಕೂಸಿನ ಮಾರಿ ನೋಡು" ಎಂದು ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಉಂಡರೂ ಬಿಟ್ಟರೂ ಏಳುತ್ತಿರಲಿಲ್ಲ.

ರೊಟ್ಟಿಯ ಬುಟ್ಟಿಯನ್ನು ಅವರಾಗಿ ಕೊಡುವವರೆಗೆ ಕೇಳಬಾರದೆಂಬುದು ಅಜ್ಜಿಯ ಇನ್ನೊಂದು ಮಾತು. ಬೇರೆ ದಿನಗಳಲ್ಲಿ ಯಾರ ಪಾತ್ರೆಯನ್ನೂ ಬರಿದಾಗಿ ಮರಳಿಸದ ನಮ್ಮ ಓಣಿಯಲ್ಲಿ ಈ ಬುಟ್ಟಿ ಮಾತ್ರ ಬರಿದಾಗಿಯೇ ಬರುತ್ತಿತ್ತು, ಅದರಲ್ಲಿ ಯಾರಿಗೂ ಬೇಸರವಿರಲಿಲ್ಲ. ಎದುರುಮನೆಯ ಹಿರಿಯರು ತೀರಿಕೊಂಡ ವರ್ಷ ನಮ್ಮ ಬುಟ್ಟಿ ಬಹಳ ದಿನ ಬರಲೇ ಇಲ್ಲ. ಎರೆಹೊಲದ ಕಡಲೆಗಿಡ ಕಾಯಿ ಕಟ್ಟಿದ ಹೊತ್ತಿಗೆ ಒಂದು ಸಂಜೆ ಆ ಮನೆಯ ಸೊಸೆ ಅದನ್ನು ತಂದಿಟ್ಟಳು. ಬುಟ್ಟಿಯಲ್ಲಿ ಸುಲಗಾಯಿಯ, ಅಂದರೆ ಹಸಿ ಕಡಲೆಯ, ಒಂದು ಕಟ್ಟು ಇತ್ತು. ಅವ್ವ ಅದನ್ನು ನೋಡಿ, ಏನೂ ಕೇಳದೆ, ಚಹಾಕ್ಕೆ ನೀರಿಟ್ಟಳು.